ದಪ್ಪ ಮರಿಗಳೇ ಯಾಕೆ ಸಾಯುತ್ತಿವೆ?

ಬಕ್ರೀದ್‌ಗೆಂದು ಮೇಯಿಸುತ್ತಿದ್ದ ಟಗರು ಮರಿಗಳಲ್ಲಿ ದಪ್ಪಗಿದ್ದವೇ ಸಾಯುತ್ತಿವೆ, ರಾತ್ರಿ ಚೆನ್ನಾಗಿ ತಿಂದದ್ದು ಬೆಳಗ್ಗೆ ಸತ್ತು ಬಿದ್ದಿರುತ್ತದೆ, ಯಾರಾದರೂ ವಿಷ ಹಾಕಿರಬಹುದಾ ಅಂತ ಕೇಳಿದ್ದೀರಿ. ನಾನು ಪಶುವೈದ್ಯ, ಕುರಿ ಜಾಸ್ತಿ ಇರುವ ಸೀಮೆಯಲ್ಲೇ ಕೆಲಸ ಮಾಡಿದವನು. ನನಗೆ ಮೊದಲು ಬರುವ ಅನುಮಾನ ಕರುಳು ಬೇನೆ. ವಿಷ ಹೌದು, ಆದರೆ ಅದು ಮರಿಯ ಹೊಟ್ಟೆಯೊಳಗೇ ಹುಟ್ಟಿದ್ದು.

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾದ ‘ಡಿ’ ಬಗೆ ಗಟ್ಟಿಮುಟ್ಟಾದ ಕುರಿಯ ಕರುಳಲ್ಲೂ ಒಂದಿಷ್ಟು ಇರಬಹುದು, ಸುಮ್ನೆ ಇರುತ್ತದೆ. ನೀವು ಮೆಕ್ಕೆಜೋಳದ ನುಚ್ಚನ್ನು ಒಂದೇ ಸಲ ದುಪ್ಪಟ್ಟು ಮಾಡಿದ್ದೀರಲ್ಲ, ಎಡವಟ್ಟಾಗಿದ್ದು ಅಲ್ಲೇ. ಅರಗದ ಪಿಷ್ಟ ಸಣ್ಣ ಕರುಳಿಗೆ ಇಳಿದರೆ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ಬೆಳೆದು ಎಪ್ಸಿಲಾನ್ ಅನ್ನುವ ವಿಷ ಬಿಡುತ್ತದೆ. ಅದು ರಕ್ತಕ್ಕೆ ಸೇರಿ ಮಿದುಳು, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಮರಿ ತಲೆ ಹಿಂದಕ್ಕೆ ಎಳೆದು, ಕಾಲು ಬಡಿದು ಸಾಯುತ್ತದೆ. ಜಾಸ್ತಿ ತಿನ್ನುವ ಮರಿಯೇ ಮೊದಲು ಹೋಗುತ್ತದೆ, ಊರವರು ದೃಷ್ಟಿ ತಾಗಿತು ಅನ್ನುತ್ತಾರೆ. ಮೊದಲ ಮಳೆಯ ಎಳೆ ಹುಲ್ಲು ಮೇದಾಗಲೂ ಹೀಗಾಗುತ್ತದೆ.

ಸತ್ತ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ, ಮರಣೋತ್ತರ ಪರೀಕ್ಷೆ ಮಾಡಿಸಿ. ಕರುಳು ಬೇನೆಯಾಗಿದ್ದರೆ ಮೂತ್ರಪಿಂಡ ಬೆರಳಿಟ್ಟರೆ ಕಲಸಿದ ಮುದ್ದೆ ಹಿಟ್ಟಿನಂತೆ ಕುಸಿಯುತ್ತದೆ. ಹೃದಯದ ಚೀಲದಲ್ಲಿ ಹಳದಿ ನೀರು ತುಂಬಿರುತ್ತದೆ, ಗಾಳಿ ಸೋಕಿದರೆ ಹೆಪ್ಪುಗಟ್ಟುತ್ತದೆ. ತಡ ಮಾಡಬೇಡಿ, ಹೊತ್ತು ಕಳೆದರೆ ಎಂಥ ಹೆಣದ ಮೂತ್ರಪಿಂಡವೂ ಮೆತ್ತಗಾಗುತ್ತದೆ, ಆಮೇಲೆ ಏನೂ ಹೇಳಲಾಗದು. ಒಂದು ಮಾತು: ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಸೋರಿದ್ದರೆ ಹೆಣವನ್ನು ಯಾರೂ ಕೊಯ್ಯಲೇಬಾರದು. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು, ಮನುಷ್ಯರಿಗೂ ಹರಡುತ್ತದೆ.

ಬೇನೆ ಬಂದ ಮೇಲೆ ಔಷಧಿಗೆ ಸಮಯವೇ ಸಿಗುವುದಿಲ್ಲ. ಇವತ್ತೇ ನುಚ್ಚು ನಿಲ್ಲಿಸಿ, ಒಣ ಮೇವು ಹಾಕಿ. ಮುಂದೆ ಕೊಟ್ಟರೂ ಹಿಡಿ ಹಿಡಿಯಾಗಿ, ಎರಡು ಮೂರು ವಾರದಲ್ಲಿ ಏರಿಸಿ. ಉಳಿದವಕ್ಕೆ ಕರುಳು ಬೇನೆ ಲಸಿಕೆ ಹಾಕಿಸಿ, ಹಳ್ಳಿಯ ಪಶು ಆಸ್ಪತ್ರೆಯಲ್ಲೇ ಕೇಳಿ. ಮೊದಲ ಸಲವಾದರೆ ಎರಡು ಮೂರು ವಾರದ ಮೇಲೆ ಇನ್ನೊಂದು ಡೋಸ್ ಬೇಕು, ಅದನ್ನು ಬಿಟ್ಟವರೇ ಜಾಸ್ತಿ. ಆಮೇಲೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು. ಗಬ್ಬದ ಕುರಿಗೆ ಈಯುವ ತಿಂಗಳ ಮುಂಚೆ ಹಾಕಿಸಿದರೆ ಗಿಣ್ಣಿನ ಹಾಲಲ್ಲಿ ಮರಿಗೂ ರಕ್ಷಣೆ ಸಿಗುತ್ತದೆ.

ಹಬ್ಬಕ್ಕೆ ಎರಡು ತಿಂಗಳಿದೆ ಅಂದಿದ್ದೀರಿ, ಈ ವಾರ ಶುರು ಮಾಡಿದರೆ ಎರಡೂ ಡೋಸ್ ಆಗುತ್ತದೆ. ಲಸಿಕೆ ಆದ ಎಷ್ಟು ದಿನಕ್ಕೆ ಮಾರಬಹುದು ಅನ್ನುವುದನ್ನೂ ಡಾಕ್ಟರ್ ಹತ್ತಿರ ಅವತ್ತೇ ಕೇಳಿಬಿಡಿ.