ಎರಡು ದಾಖಲೆಗಳ ನಡುವೆ ಒಬ್ಬಾಕೆ

ಎಚ್‌ಐವಿ ತಡೆಗಾಗಿ ಒಂದೇ ಭಾಗದಲ್ಲಿ ದುಡಿಯುವ ಸಂಸ್ಥೆಗಳು ತಮ್ಮಲ್ಲಿರುವ ಮಾಹಿತಿಯನ್ನು ಪರಸ್ಪರ ಕೊಟ್ಟುಕೊಳ್ಳಲು ಏನು ಅಡ್ಡಿ ಎಂದು ನೀವು ಕೇಳಿದ್ದೀರಿ. ಇದಕ್ಕೆ ಉತ್ತರಿಸುವ ಮೊದಲು ನಮ್ಮ ಚಿಕ್ಕೋಡಿ, ಅಥಣಿ ಕಡೆಯ ಬದುಕನ್ನು ಸ್ವಲ್ಪ ಹೇಳಬೇಕು. ದೊಡ್ಡ ದವಾಖಾನೆ ಎಂದರೆ ಇಲ್ಲಿ ಅನೇಕರಿಗೆ ಬೆಳಗಾವಿಗಿಂತ ಮೊದಲು ನೆನಪಾಗುವುದು ಮೀರಜ್. ದುಡಿಮೆಗೆ ಇಚಲಕರಂಜಿಯ ಮಗ್ಗಗಳಿವೆ. ಬೀಗತನ ಸಾಂಗ್ಲಿ, ಜತ್ತದವರೆಗೂ ಹಬ್ಬಿದೆ. ಜನರ ಓಡಾಟಕ್ಕೆ ಇಲ್ಲದ ಗಡಿ ಆರೋಗ್ಯ ದಾಖಲೆಗೆ ಮಾತ್ರ ಇದೆ. ಗಡಿಯ ಈಚೆ ಕರ್ನಾಟಕದ ಏಡ್ಸ್ ನಿಯಂತ್ರಣ ಸಂಸ್ಥೆ, ಆಚೆ ಮಹಾರಾಷ್ಟ್ರದ್ದು. ಎರಡರ ಕೆಳಗೂ ಬೇರೆ ಬೇರೆ ಸ್ವಯಂಸೇವಾ ಸಂಸ್ಥೆಗಳು.

ಕೆಲವು ವರ್ಷಗಳ ಹಿಂದೆ ನಮ್ಮ ಕ್ಷೇತ್ರ ಕಾರ್ಯಕರ್ತೆಯ ಕೈಗೆ ಬಂದ 'ಚಿಕಿತ್ಸೆ ಬಿಟ್ಟವರ' ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರಿತ್ತು. ಆಕೆ ಗುಳಿಗೆ ಬಿಟ್ಟಿರಲಿಲ್ಲ. ಗಂಡನ ಕೆಲಸದ ಸಲುವಾಗಿ ಆಚೆಯ ಊರಿಗೆ ಹೋದವಳು ಅಲ್ಲಿನ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲೇ ತಪ್ಪದೆ ಪಡೆಯುತ್ತಿದ್ದಳು. ನಮ್ಮ ದಾಖಲೆಯಲ್ಲಿ 'ಅವ್ವ' ಎಂದು ಮುಗಿಯುವ ಹೆಸರು, ಅಲ್ಲಿ 'ಬಾಯಿ' ಎಂದು ಮುಗಿದು, ಮುಂದೆ ಗಂಡನ ಹೆಸರು, ಅಡ್ಡಹೆಸರು ಸೇರಿಕೊಂಡಿದ್ದರಿಂದ ಇಬ್ಬರೂ ಒಬ್ಬರೇ ಎಂದು ಯಾರಿಗೂ ಹೊಳೆದಿರಲಿಲ್ಲ. ಕಾರ್ಯಕರ್ತೆ ಎರಡು ಸಲ ಆಕೆಯ ಅತ್ತೆಯ ಮನೆಗೆ ಹೋಗಿ ಬಂದಳು. ಮುಂದೆ ಭೇಟಿಯಾದಾಗ ಆಕೆ ಹೇಳಿದ್ದು ಇಷ್ಟು: "ಅಕ್ಕಾರ, ನಾ ಗುಳಿಗಿ ಬಿಟ್ಟಿಲ್ಲ. ನೀವು ಬಂದು ಹೋದ ಮ್ಯಾಲ ಓಣ್ಯಾಗ ಎಲ್ಲಾರೂ ಕೇಳಾಕ ಹತ್ಯಾರ."

ಮಾಹಿತಿ ಹಂಚಿಕೊಳ್ಳದಿದ್ದರೆ ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ನನಗೆ ಅಂದೇ ಹೋಯಿತು.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಕೊಡಬೇಕೆಂದು ನಾನು ಹೇಳುತ್ತಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಕಾಯ್ದೆಯು, ವ್ಯಕ್ತಿಯ ಲಿಖಿತ ಒಪ್ಪಿಗೆಯಿಲ್ಲದೆ ಆತನ ಎಚ್‌ಐವಿ ಸ್ಥಿತಿಯನ್ನು ಬಹಿರಂಗಪಡಿಸುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಿಕಿತ್ಸೆಗೆ ಅಗತ್ಯವಿದ್ದಾಗ ಅದರಲ್ಲಿ ತೊಡಗಿರುವ ಆರೋಗ್ಯ ಸಿಬ್ಬಂದಿಯ ನಡುವೆ ತಿಳಿಸಲು ಮತ್ತು ಗುರುತು ಸಿಗದ ಅಂಕಿಅಂಶ ಕೊಡಲು ಅವಕಾಶವಿದೆ. ಈ ಅವಕಾಶವನ್ನೇ ಸರಿಯಾಗಿ ಬಳಸಿದರೆ ಬಹಳಷ್ಟು ಕೆಲಸವಾಗುತ್ತದೆ. ಯಾವ ಹಳ್ಳಿಗಳಿಂದ ಪರೀಕ್ಷೆಗೆ ಜನ ಬರುತ್ತಿಲ್ಲ ಎಂಬುದನ್ನು ತಿಳಿಯಲು ಹೆಸರು ಬೇಕಿಲ್ಲ, ಸಂಖ್ಯೆ ಸಾಕು. ಗುಳಿಗೆಯಿಂದ ರಕ್ತದಲ್ಲಿನ ವೈರಸ್ ಪತ್ತೆಯಾಗದಷ್ಟು ತಗ್ಗಿ ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವಾದ್ದರಿಂದ, ಯಾರ ಚಿಕಿತ್ಸೆ ನಿಜವಾಗಿ ನಿಂತಿದೆ ಎಂದು ತಿಳಿಯುವುದು ತಡೆಗಟ್ಟುವಿಕೆಯ ತಿರುಳೇ ಆಗಿದೆ.

ನನ್ನನ್ನು ಹೆಚ್ಚು ಕಾಡುವುದು ಎಚ್‌ಐವಿ ಇರುವ ಬಸುರಿಯರ ವಿಷಯ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ತವರು ಗಡಿಯಾಚೆ ಇದ್ದರೆ, ಏಳೆಂಟು ತಿಂಗಳು ಇಲ್ಲಿ ಚಿಕಿತ್ಸೆ ಪಡೆದವಳು ಕುಬಸದ (ಸೀಮಂತದ) ಮರುದಿನ ಬಸ್ಸು ಹತ್ತುತ್ತಾಳೆ. ಮಗು ಹುಟ್ಟಿದ ಕೂಡಲೇ ಅದಕ್ಕೆ ಔಷಧ ಶುರುವಾಗಬೇಕು, ಆರನೆಯ ವಾರಕ್ಕೆ ಮೊದಲ ಪರೀಕ್ಷೆ ಆಗಬೇಕು. ಆಕೆಯ ಚಿಕಿತ್ಸೆಯ ವಿವರ ಅಲ್ಲಿನ ಹೆರಿಗೆ ಕೋಣೆಗೆ ಆಕೆಗಿಂತ ಮೊದಲೇ ತಲುಪದಿದ್ದರೆ, ನೋವಿನಲ್ಲಿರುವ ಆ ಹುಡುಗಿಯೇ ಎಲ್ಲರ ಎದುರು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಈಗ ಬಸುರಿ ತವರಿಗೆ ಹೊರಡುವ ಮೊದಲೇ ನಮ್ಮ ಆಪ್ತಸಮಾಲೋಚಕಿ ಆಕೆಯನ್ನು ಕೂರಿಸಿಕೊಂಡು, ಯಾರಿಗೆ ಏನನ್ನು ತಿಳಿಸಬಹುದು ಎಂದು ಕೇಳಿ, ಆಕೆಯ ಭಾಷೆಯಲ್ಲೇ ಬರೆದುಕೊಂಡು ಸಹಿ ಪಡೆಯುತ್ತಾರೆ. ಹೆಚ್ಚಿನವರು ಅದರ ಕೊನೆಗೆ ಒಂದು ಸಾಲು ಸೇರಿಸಲು ಹೇಳುತ್ತಾರೆ: "ಫೋನ್ ಮಾಡ್ರಿ, ಮನೀಗಿ ಬರಬ್ಯಾಡ್ರಿ." ಗುರುತಿನ ಸಂಖ್ಯೆ, ಔಷಧದ ಹೆಸರುಗಳ ಜೊತೆಗೆ ಆ ಸಾಲನ್ನೂ ಆಚೆಯ ಕೇಂದ್ರಕ್ಕೆ ಕಳುಹಿಸುತ್ತೇವೆ.