ಲಂಡನ್ನನ್ನು ಅಲ್ಲಿಯವರ ಹಾಗೆ ನೋಡುವುದು ಹೇಗೆ?

ಹತ್ತು ದಿನದ ರಜೆಗೆ ಗಂಡ ಹೆಂಡತಿ ಲಂಡನ್ನಿಗೆ ಹೊರಟಿದ್ದೀರಿ; ಗಡಿಯಾರದ ಗೋಪುರ, ಅರಮನೆ, ಸೇತುವೆ ಎಂದು ಪಟ್ಟಿ ಹಿಡಿದು ಓಡುವುದು ಬೇಡ, ಅಲ್ಲಿ ವಾಸವಿರುವವರ ಹಾಗೆ ಊರು ನೋಡಬೇಕು, ಹೇಗೆ ಎಂದು ಕೇಳಿದ್ದೀರಿ. ಪಟ್ಟಿ ಹಿಡಿದು ಓಡಿದವನೇ ಉತ್ತರ ಬರೆಯುತ್ತಿದ್ದೇನೆ. ಮೊದಲ ಸಲ ಹೋದಾಗ ಐದು ದಿನದಲ್ಲಿ ಹದಿನೇಳು ಜಾಗ ನೋಡಿದೆ. ಈಗ ನೆನಪಿರುವುದು ನಿಂತ ಸರದಿ ಸಾಲುಗಳು ಮಾತ್ರ. ಎರಡನೆಯ ಸಲ ಅಕ್ಕನ ಮನೆಯಲ್ಲಿ ಒಂದು ತಿಂಗಳಿದ್ದೆ. ಅಕ್ಕ, ಭಾವ ಇಬ್ಬರೂ ಕೆಲಸಕ್ಕೆ ಹೋಗುವವರು. ನನ್ನನ್ನು ಸುತ್ತಾಡಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಊರು ಕೈಗೆ ಸಿಕ್ಕಿದ್ದು ಆಗ.

ಎಲ್ಲಿ ಉಳಿದುಕೊಳ್ಳುತ್ತೀರಿ ಎಂಬುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಅಲ್ಲಿನ ಸಾರಿಗೆಯ ಲೆಕ್ಕದಲ್ಲಿ ನಗರವನ್ನು ನಡುವಿನಿಂದ ಹೊರಕ್ಕೆ ವಲಯಗಳಾಗಿ ವಿಂಗಡಿಸಿದ್ದಾರೆ. ಒಂದನೇ ವಲಯದ ಹೋಟೆಲಿನಲ್ಲಿದ್ದರೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಎದುರಾಗುವುದು ನಿಮ್ಮಂಥ ಪ್ರವಾಸಿಗರೇ. ಎರಡನೇ ವಲಯದಲ್ಲಿ ಒಂದು ಕೋಣೆ ಹಿಡಿಯಿರಿ. ಸಮವಸ್ತ್ರದ ಮಕ್ಕಳು, ನಾಯಿ ಹಿಡಿದು ಹೊರಟ ಮುದುಕರು, ಬಸ್ಸಿಗೆ ಓಡುವವರು ಕಾಣುತ್ತಾರೆ. ಹಿಡಿದ ಮೇಲೆ ಬಡಾವಣೆ ಬದಲಾಯಿಸಬೇಡಿ. ಒಂದೇ ಕಾಫಿ ಅಂಗಡಿಗೆ ಮೂರು ದಿನ ಹೋಗಿ ನೋಡಿ, ನಾಲ್ಕನೆಯ ದಿನ ನೀವು ಬಾಯಿ ತೆರೆಯುವ ಮೊದಲೇ "ಅದೇ ತಾನೇ?" ಎಂದು ಕೇಳುತ್ತಾರೆ. ಹತ್ತು ದಿನದಲ್ಲಿ ಹತ್ತು ಅಂಗಡಿ ಸುತ್ತಿದವರಿಗೆ ಈ ಪ್ರಶ್ನೆ ಸಿಗುವುದಿಲ್ಲ.

ಅಕ್ಕನ ಮನೆ ಉತ್ತರ ಲಂಡನ್ನಿನ ಕ್ಯಾಮ್ಡೆನ್ ಬಡಾವಣೆಯಿಂದ ಸ್ವಲ್ಪ ಮೇಲಕ್ಕೆ. ನಾನು ಹೋದ ವಾರವೇ ಅವಳ ವಾಷಿಂಗ್ ಮೆಷಿನ್ ಕೆಟ್ಟಿತು. ಬಟ್ಟೆಯ ಗಂಟು ಹೊತ್ತು ಮೂಲೆಯ ಲಾಂಡ್ರಿಗೆ ಹೋದೆ. ಅಲ್ಲಿ ಒಗೆದು ಕೊಡುವವರು ಯಾರೂ ಇಲ್ಲ. ಸಾಲಾಗಿ ಯಂತ್ರಗಳು, ನಾಣ್ಯ ಹಾಕಿ ನಾವೇ ಒಗೆದುಕೊಳ್ಳಬೇಕು. ಒಣಗಿಸುವ ಯಂತ್ರಕ್ಕೆ ಎಷ್ಟು ನಾಣ್ಯ ಹಾಕಿದರೂ ಬಟ್ಟೆ ಹಸಿಯಾಗಿಯೇ ಇತ್ತು. ಬೆಂಚಿನ ಮೇಲೆ ಕುಳಿತು ಪದಬಂಧ ತುಂಬಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಪೆನ್ಸಿಲಿನಿಂದಲೇ ಕೊನೆಯ ಯಂತ್ರ ತೋರಿಸಿದರು. ಅದೊಂದೇ ಸರಿಯಾಗಿ ಬಿಸಿಯಾಗುವುದಂತೆ. ಆಮೇಲೆ ಏನೇನು ನೋಡಿದೆ ಎಂದು ಕೇಳಿದರು. ನಾನು ಹದಿನೇಳನ್ನೂ ಒಪ್ಪಿಸಿದೆ. ಎಲ್ಲ ಕೇಳಿ, "ಇಪ್ಪತ್ತನಾಲ್ಕನೇ ಬಸ್ಸು ಹತ್ತು, ಮೇಲೆ ಮುಂದಿನ ಸೀಟಿನಲ್ಲಿ ಕೂತುಕೋ, ಕೊನೆಯ ತನಕ ಇಳಿಯಬೇಡ" ಎಂದರು.

ಅದೇ ಮಧ್ಯಾಹ್ನ ಹತ್ತಿದೆ. ಈ ಬಸ್ಸು ಉತ್ತರದಲ್ಲಿ ಹ್ಯಾಂಪ್‌ಸ್ಟೆಡ್ ಹೀತ್ ಬಯಲಿನ ಬುಡದಿಂದ ಹೊರಟು, ಕ್ಯಾಮ್ಡೆನ್ ದಾಟಿ, ಚೇರಿಂಗ್ ಕ್ರಾಸ್ ರಸ್ತೆಯ ಪುಸ್ತಕದಂಗಡಿಗಳ ಪಕ್ಕದಲ್ಲಿ ಇಳಿದು, ಟ್ರಫಾಲ್ಗರ್ ಚೌಕ, ವೈಟ್‌ಹಾಲ್, ಪಾರ್ಲಿಮೆಂಟ್ ಚೌಕ, ವಿಕ್ಟೋರಿಯಾ ಹಾದು ಪಿಮ್ಲಿಕೋದಲ್ಲಿ ನದಿಯ ಹತ್ತಿರ ನಿಲ್ಲುತ್ತದೆ. ಹಿಂದಿನ ಸಲ ಕಾಲು ಸೋಲುವಂತೆ ಹುಡುಕಿಕೊಂಡು ಹೋಗಿದ್ದರಲ್ಲಿ ಎಷ್ಟೋ ಕಿಟಕಿಯಲ್ಲೇ ಬಂದು ಹೋಯಿತು. ಗಡಿಯಾರದ ಗೋಪುರ ಎದುರಾದಾಗ ಪಕ್ಕದ ಹುಡುಗಿ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಅಲ್ಲಿಯವರಂತಾಗುವುದೆಂದರೆ ಅಷ್ಟರ ಮಟ್ಟಿಗೆ ಬೇಡ, ನೀವು ನೋಡಿ.

ಬಸ್ಸಿನ ವಿಷಯದಲ್ಲಿ ನಾಲ್ಕು ಮಾತು. 2014ರಿಂದ ಅಲ್ಲಿನ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಮೊದಲೇ ಹಣ ತುಂಬಿಸಿಟ್ಟುಕೊಳ್ಳುವ ಅಲ್ಲಿನ ಸಾರಿಗೆಯ ಆಯ್ಸ್ಟರ್ ಕಾರ್ಡೋ, ಮುಟ್ಟಿಸಿದರೆ ಹಣ ಕಡಿತವಾಗುವ ಬ್ಯಾಂಕ್ ಕಾರ್ಡೋ ಬೇಕು. ಇಬ್ಬರಿಗೂ ಬೇರೆ ಬೇರೆ ಕಾರ್ಡು, ಒಂದರಲ್ಲೇ ಇಬ್ಬರು ಹೋಗಲಾಗದು. ಮೊದಲ ಬಸ್ಸಿನಲ್ಲಿ ಮುಟ್ಟಿಸಿದ ಒಂದು ಗಂಟೆಯೊಳಗೆ ಅದೇ ಕಾರ್ಡಿನಲ್ಲಿ ಎಷ್ಟು ಬಸ್ಸು ಹತ್ತಿದರೂ ಒಂದೇ ಸಲದ ದರ. ಆದ್ದರಿಂದ ತಪ್ಪು ಬಸ್ಸು ಹತ್ತಿದೆವೆಂದು ಗಾಬರಿಯಾಗಬೇಡಿ. ಬಸ್ಸಿನಿಂದ ಇಳಿಯುವಾಗ ಕಾರ್ಡು ಮುಟ್ಟಿಸುವಂತಿಲ್ಲ, ಸುರಂಗ ರೈಲಿನಲ್ಲಿ ಮಾತ್ರ ಹೊರಬರುವಾಗಲೂ ಮುಟ್ಟಿಸಲೇಬೇಕು. ಮರೆತರೆ ಗರಿಷ್ಠ ದರ ಹಿಡಿಯುತ್ತಾರೆ. ನನಗೆ ಎರಡು ಸಲ ಹಿಡಿದಿದ್ದಾರೆ.

ಸುರಂಗ ರೈಲಿನ ನಕ್ಷೆಯನ್ನು ನಂಬಿ ಊರಿನ ಅಳತೆ ಹಾಕಬೇಡಿ. ಹ್ಯಾರಿ ಬೆಕ್ ಎಂಬಾತ ರೂಪಿಸಿ 1933ರಲ್ಲಿ ಜನರ ಕೈಗೆ ಬಂದ ಮಾದರಿ ಅದು. ಗೆರೆಗಳು ನೇರವಾಗಿ ಚೆನ್ನಾಗಿವೆ, ದೂರಕ್ಕೂ ಅದಕ್ಕೂ ಸಂಬಂಧವಿಲ್ಲ. ಲೆಸ್ಟರ್ ಸ್ಕ್ವೇರ್ ನಿಲ್ದಾಣದಿಂದ ಪಕ್ಕದ ಕೋವೆಂಟ್ ಗಾರ್ಡನ್ ನಿಲ್ದಾಣಕ್ಕೆ 300 ಮೀಟರ್ ಕೂಡ ಇಲ್ಲ. ನಾನು ಮೊದಲ ಸಲ ಅಲ್ಲಿ ರೈಲು ಹಿಡಿದು, ಇಳಿದ ಮೇಲೆ ಲಿಫ್ಟಿನ ಮುಂದಿನ ಜನ ನೋಡಿ ಶೂರನಂತೆ ಮೆಟ್ಟಿಲಿನ ಕಡೆ ಹೋದೆ. ಸುತ್ತಿ ಸುತ್ತಿ ಏರುವ 193 ಮೆಟ್ಟಿಲು. ನಡೆದುಬಂದಿದ್ದರೆ ಅಷ್ಟು ಹೊತ್ತಿಗೆ ಕಾಫಿ ಕುಡಿದು ಮುಗಿದಿರುತ್ತಿತ್ತು.

ಒಂದು ಪೂರ್ತಿ ದಿನವನ್ನು ಕಾಲುವೆಗೇ ಕೊಡಿ. ರೀಜೆಂಟ್ಸ್ ಕಾಲುವೆ 1820ರಲ್ಲಿ ಪೂರ್ತಿಯಾಯಿತು. ಪಶ್ಚಿಮದ ಲಿಟಲ್ ವೆನಿಸ್‌ನಿಂದ ಪೂರ್ವದ ಲೈಮ್‌ಹೌಸ್ ತನಕ ಸುಮಾರು 14 ಕಿಲೋಮೀಟರ್, ಊರಿನ ಹಿತ್ತಿಲಿನಲ್ಲೇ ಹರಿಯುತ್ತದೆ. ಹಿಂದೆ ದೋಣಿ ಎಳೆಯುತ್ತಿದ್ದ ಕುದುರೆಗಳ ದಾರಿಯಲ್ಲಿ ಈಗ ಜನ ನಡೆಯುತ್ತಾರೆ. ಕಾಲುವೆಯಲ್ಲಿ ಉದ್ದನೆಯ ಕಿರಿದಾದ ದೋಣಿಗಳು, ಅವುಗಳಲ್ಲೇ ಸಂಸಾರ. ಸೂರಿನ ಮೇಲೆ ಸೌದೆಯ ಕಟ್ಟು, ಹೂವಿನ ಕುಂಡ, ಸೈಕಲ್ಲು. ಚಳಿಯಲ್ಲಿ ಪುಟ್ಟ ಚಿಮಣಿಯಿಂದ ಹೊಗೆ. ಕ್ಯಾಮ್ಡೆನ್‌ನಲ್ಲಿ ನೀರಿನ ಮಟ್ಟ ಏರಿಳಿಸುವ ಕಟ್ಟೆಬಾಗಿಲು ಇದೆ, ಲಾಕ್ ಎನ್ನುತ್ತಾರೆ. ಒಬ್ಬ ಹೆಂಗಸು ಆ ಬಾಗಿಲಿನ ಭಾರಿ ಮರದ ತೊಲೆಗೆ ಬೆನ್ನು ಕೊಟ್ಟು, ನೆಲದಲ್ಲಿ ಎದ್ದಿರುವ ಇಟ್ಟಿಗೆಯ ಏಣುಗಳಿಗೆ ಹಿಮ್ಮಡಿ ಒತ್ತಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ತೆರೆಯುತ್ತಿದ್ದಳು. ಇನ್ನೊಂದು ಬಾಗಿಲಿಗೆ ನನ್ನನ್ನು ಕರೆದಳು. ಮೊದಲು ಕಲ್ಲಿನಂತೆ ಅಲುಗಲಿಲ್ಲ. ಎರಡೂ ಕಡೆಯ ನೀರು ಸಮವಾದ ಗಳಿಗೆ ಬೆಣ್ಣೆಯ ಹಾಗೆ ಸರಿಯಿತು. ಆ ತಿಂಗಳಲ್ಲಿ ಆ ಊರಿಗೆ ನಾನು ಮಾಡಿಕೊಟ್ಟ ಕೆಲಸ ಅದೊಂದೇ.

ಅಲ್ಲಿಂದ ಪೂರ್ವಕ್ಕೆ ನಡೆಯುತ್ತಾ ಹೋದರೆ ಇಸ್ಲಿಂಗ್ಟನ್‌ನಲ್ಲಿ ಕಾಲುವೆ ಸುರಂಗಕ್ಕೆ ನುಗ್ಗುತ್ತದೆ, ದಾರಿ ನಿಂತುಹೋಗುತ್ತದೆ. ಹಿಂದೆ ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿನಿಂದ ನಡೆಸುತ್ತಿದ್ದರು. ದೋಣಿಯವರು ಅಂಗಾತ ಮಲಗಿ ಸುರಂಗದ ಗೋಡೆಯನ್ನು ಕಾಲಿನಿಂದ ಒದೆಯುತ್ತಾ ದೋಣಿ ದಾಟಿಸುತ್ತಿದ್ದರು. ನೀವೂ ಕುದುರೆಯ ಹಾಗೆ ಮೇಲಿನ ಬೀದಿಗಳಲ್ಲಿ ಹೋಗಿ ಆಚೆ ಇಳಿಯಬೇಕು. ನಾನು ದಾರಿ ತಪ್ಪಿದೆ. ತಪ್ಪಿದ್ದರಿಂದಲೇ ಒಂದು ಹಳೆಯ ಪಾತ್ರೆ ಪಗಡೆಯ ಸಂತೆ ಸಿಕ್ಕಿತು. ಸೈಕಲ್ ಗಂಟೆ ಕೇಳಿದರೆ ಮಾತ್ರ ತಕ್ಷಣ ಪಕ್ಕಕ್ಕೆ ಸರಿಯಿರಿ, ದಾರಿ ಬಹಳ ಇಕ್ಕಟ್ಟು.

ವಸ್ತುಸಂಗ್ರಹಾಲಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಷ್ಟ್ರೀಯ ಸಂಗ್ರಹಾಲಯಗಳ ಶಾಶ್ವತ ಸಂಗ್ರಹಕ್ಕೆ 2001ರಿಂದ ಪ್ರವೇಶ ಉಚಿತ. ದುಡ್ಡು ಕೊಟ್ಟಿಲ್ಲವಾದ್ದರಿಂದ ಎಲ್ಲವನ್ನೂ ನೋಡಿ ವಸೂಲು ಮಾಡುವ ಹಟ ಬೇಕಿಲ್ಲ. ನ್ಯಾಷನಲ್ ಗ್ಯಾಲರಿ ಶುಕ್ರವಾರ ರಾತ್ರಿ 9ರ ತನಕ ತೆರೆದಿರುತ್ತದೆ. ಸಂಜೆ ಹೋಗಿ ಒಂದೇ ಕೋಣೆ ನೋಡಿ ಬನ್ನಿ.

ಭಾನುವಾರ ದೊಡ್ಡ ಅಂಗಡಿಗಳು ಆರು ಗಂಟೆ ಮಾತ್ರ ತೆರೆದಿರುವುದು ಅಲ್ಲಿನ ಕಾನೂನು. ಅಂದು ಬೆಳಿಗ್ಗೆ ಕೊಲಂಬಿಯಾ ರಸ್ತೆಯ ಹೂವಿನ ಸಂತೆಗೆ ಹೋಗಿ. ಬೇಗ ಹೋದರೆ ಓಡಾಡಲು ಜಾಗ ಇರುತ್ತದೆ. ಪಬ್ಬಿನಲ್ಲಿ ಮೇಜಿನ ಬಳಿಗೆ ಯಾರಾದರೂ ಬರುತ್ತಾರೆಂದು ಕಾಯಬೇಡಿ, ಕೌಂಟರಿನ ಬಳಿಗೆ ಹೋಗಿ ಕೇಳಿ. ಮದ್ಯ ಬೇಡವೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ. ಎಡಕ್ಕೆ ನಿಂತರೆ ಬೆನ್ನ ಹಿಂದೆ ಬಹಳ ಮರ್ಯಾದೆಯ ದನಿಯಲ್ಲಿ ಬೈಗುಳ ಕೇಳಿಸುತ್ತದೆ.

ಪಾರ್ಲಿಮೆಂಟಿನ ಬಳಿ ಹೇಗೂ ಹೋಗುತ್ತೀರಿ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಬಲಕ್ಕೆ ನದಿಯ ದಂಡೆ ಹಿಡಿಯಿರಿ. ಉದ್ದಕ್ಕೂ ಗೋಡೆಯ ಮೇಲೆ ಕೈಯಿಂದ ಬರೆದ ಕೆಂಪು ಹೃದಯಗಳು, ಕೋವಿಡ್‌ನಲ್ಲಿ ಹೋದ ಒಬ್ಬೊಬ್ಬರಿಗೆ ಒಂದೊಂದು, 2021ರಲ್ಲಿ ಶುರುವಾದದ್ದು. ಮಾಸಿದವನ್ನು ಸ್ವಯಂಸೇವಕರು ಮತ್ತೆ ತುಂಬುತ್ತಾರೆ. ಇನ್ನೂ ಮುಂದೆ, ಲ್ಯಾಂಬೆತ್ ಸೇತುವೆಯ ಬಳಿ, 2015ರ ನವೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಬಸವಣ್ಣನವರ ಪ್ರತಿಮೆ ಇದೆ. ನಾನು ಹೋದಾಗ ಒಬ್ಬ ಓಟಗಾರ ಅದರ ಪೀಠಕ್ಕೆ ಕೈ ಊರಿ ಷೂ ದಾರ ಕಟ್ಟಿಕೊಳ್ಳುತ್ತಿದ್ದ.

ಅಂದ ಹಾಗೆ, ಅಕ್ಕನ ವಾಷಿಂಗ್ ಮೆಷಿನ್ ವಾರದೊಳಗೆ ರಿಪೇರಿಯಾಯಿತು. ಆಮೇಲೂ ನಾನು ಎರಡು ಸಲ ಬಟ್ಟೆಯ ಗಂಟು ಹೊತ್ತು ಆ ಲಾಂಡ್ರಿಗೇ ಹೋದೆ. ನಾಣ್ಯ ದಂಡ ಎಂದು ಅಕ್ಕ ಬೈದಳು.