ಚರಂಡಿ ನೀರು ನೋಡಿ ಊರಿನವರು ಎಷ್ಟು ಔಷಧಿ ತಗೊಳ್ತಾರೆ ಅಂತ ಹೇಳಬಹುದಾ?

ಹೇಳಬಹುದು. ನುಂಗಿದ ಮಾತ್ರೆಯ ಒಂದಿಷ್ಟು ಭಾಗ ಮೂತ್ರದಲ್ಲಿ ಹೊರಬರುತ್ತದೆ, ಅಲ್ವಾ? ಶುದ್ಧೀಕರಣ ಘಟಕಕ್ಕೆ ಬರುವ ನೀರನ್ನು 24 ಗಂಟೆ ಸ್ವಲ್ಪ ಸ್ವಲ್ಪವೇ ಹಿಡಿದು ಔಷಧಿಯ ಪ್ರಮಾಣ ಅಳೆಯುತ್ತಾರೆ. ಅದನ್ನು ದಿನದ ಹರಿವಿನಿಂದ ಗುಣಿಸಿ, ಜನಸಂಖ್ಯೆಯಿಂದ ಭಾಗಿಸುತ್ತಾರೆ. ದೇಹದಿಂದ ಎಷ್ಟು ಪಾಲು ಹೊರಬರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾರೋ ಮಾತ್ರೆಗಳನ್ನು ಸುಮ್ನೆ ಶೌಚಾಲಯಕ್ಕೆ ಸುರಿದಿದ್ದರೆ? ಅದಕ್ಕೇ, ಔಷಧಿ ದೇಹದೊಳಗೆ ಕರಗಿ ಬದಲಾದ ರೂಪವನ್ನು ಹುಡುಕುವುದು ಜಾಸ್ತಿ ನಂಬಬಹುದಾದ ದಾರಿ. ಆದರೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹೆಚ್ಚುಕಡಿಮೆ ಬದಲಾಗದೆಯೇ ಹೊರಬರುತ್ತದೆ. ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಆಸ್ಟ್ರೇಲಿಯಾ 2016ರಿಂದ ಆಕ್ಸಿಕೋಡೋನ್, ಫೆಂಟನಿಲ್‌ನಂಥ ನೋವಿನ ಔಷಧಿಗಳ ಬಳಕೆಯನ್ನು ಹೀಗೆಯೇ ಗಮನಿಸುತ್ತಿದೆ. ಊರಿನ ನೀರೆಲ್ಲ ಬೆರೆತಿರುವುದರಿಂದ ಯಾರ ಮನೆಯದು ಎಂದು ತಿಳಿಯುವುದಿಲ್ಲ. ನನಗೆ ತುಂಬ ಹಿಡಿಸಿದ್ದು ಅದೇ.